ಊಟದಲ್ಲಿ ಉಪ್ಪು ಎಷ್ಟಿರಬೇಕು?

ಮಲಪ್ರಭಾ ಮತ್ತು ಘಟಪ್ರಭಾ ಅಚ್ಚುಕಟ್ಟು ಪ್ರದೇಶಗಳ ರೈತರಿಗೆ ಸವಳು ಭೂಮಿ ಹೊಸದಲ್ಲ. ನೀರು ಬಸಿದು ಹೋಗದ ಕರಿಭೂಮಿಯಲ್ಲಿ ಲವಣಗಳು ಮೇಲೆ ಬಂದು ಬಿಳಿಯ ಪೊರೆ ಕಟ್ಟುತ್ತವೆ. ಸೋಡಿಯಂ ಅಂಶ ಮಿತಿಮೀರಿದರೆ ಮಣ್ಣಿನ ರಚನೆ ಕೆಟ್ಟು, ನೀರು ಇಂಗದೆ, ಬೆಳೆ ಕುಗ್ಗುತ್ತದೆ. ಅದೇ ಸೋಡಿಯಂ ಊಟದ ಉಪ್ಪಿನ ಮೂಲಕ ದಿನವೂ ನಮ್ಮ ದೇಹವನ್ನು ಸೇರುತ್ತದೆ. ಹೊಲದ ಸವಳು ಕಣ್ಣಿಗೆ ಕಾಣುತ್ತದೆ. ದೇಹದಲ್ಲಿ ಹೆಚ್ಚಾದ ಉಪ್ಪಿನ ಪರಿಣಾಮ ಬಹುಕಾಲ ಕಾಣುವುದಿಲ್ಲ. ಅನೇಕ ವೇಳೆ ಅದು ತಿಳಿದುಬರುವುದು ದುಡಿಯುವ ಮನುಷ್ಯನಿಗೆ ಲಕ್ವ ಹೊಡೆದಾಗ. ಆಗ ಒಬ್ಬರ ಆರೋಗ್ಯದ ಜೊತೆಗೆ ಮನೆಯ ಒಕ್ಕಲುತನವೂ ಕುಸಿಯುತ್ತದೆ.

ದೇಹದಲ್ಲಿ ಉಪ್ಪಿನ ಕಾರ್ಯ

ಅಡುಗೆ ಉಪ್ಪು ಸೋಡಿಯಂ ಮತ್ತು ಕ್ಲೋರಿನ್ ಸೇರಿ ಆದ ವಸ್ತು. ಅದರ ತೂಕದಲ್ಲಿ ಸುಮಾರು ಶೇಕಡಾ 40 ರಷ್ಟು ಸೋಡಿಯಂ ಇರುತ್ತದೆ. ನರಗಳು ಮತ್ತು ಸ್ನಾಯುಗಳು ಕೆಲಸ ಮಾಡಲು, ದೇಹದಲ್ಲಿ ನೀರಿನ ಸಮತೋಲನ ಉಳಿಯಲು ಸೋಡಿಯಂ ಬೇಕೇ ಬೇಕು. ಹೆಚ್ಚಾದುದನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಆದರೆ ಅವುಗಳ ಶಕ್ತಿಗೂ ಮಿತಿಯಿದೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಯಲ್ಲಿ ಶರೀರಶಾಸ್ತ್ರವೇ ಅಡಗಿದೆ. ಸೋಡಿಯಂ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ರಕ್ತನಾಳಗಳಲ್ಲಿ ದ್ರವದ ಪ್ರಮಾಣ ಹೆಚ್ಚಿ, ಒತ್ತಡ ಏರುತ್ತದೆ. ಈ ಒತ್ತಡ ವರ್ಷಗಟ್ಟಲೆ ಮುಂದುವರಿದರೆ ರಕ್ತನಾಳಗಳು ಪೆಡಸಾಗಿ ಹೃದಯ, ಮೂತ್ರಪಿಂಡ ಹಾಗೂ ಮಿದುಳಿಗೆ ಹಾನಿಯಾಗುತ್ತದೆ.

ಎಷ್ಟು ಬೇಕು, ಎಷ್ಟು ತಿನ್ನುತ್ತೇವೆ?

ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ 2 ಗ್ರಾಂಗಿಂತ ಕಡಿಮೆ ಸೋಡಿಯಂ ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಇದು ಹೆಚ್ಚು ಕಡಿಮೆ ಒಂದು ಚಹಾ ಚಮಚೆಯ ಅಳತೆ. ಮಕ್ಕಳಿಗೆ ಇದಕ್ಕಿಂತ ಕಡಿಮೆ ಸಾಕು. 2017-18 ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರ ಸರಾಸರಿ ಸೇವನೆ ದಿನಕ್ಕೆ ಸುಮಾರು 8 ಗ್ರಾಂ.

ಕೆರೂರ ಭಾಗದ ಊಟ

ಬಾದಾಮಿ ತಾಲ್ಲೂಕಿನ ಕೆರೂರ ಸುತ್ತಿನ ಹಳ್ಳಿಗಳ ಮುಖ್ಯ ಆಹಾರ ಜೋಳದ ರೊಟ್ಟಿ. ಈ ರೊಟ್ಟಿಗೆ ಉಪ್ಪು ಹಾಕುವ ರೂಢಿಯಿಲ್ಲ. 100 ಗ್ರಾಂ ಜೋಳದಲ್ಲಿ ಸೋಡಿಯಂ 10 ಮಿ.ಗ್ರಾಂಗಿಂತ ಕಡಿಮೆ, ಪೊಟ್ಯಾಸಿಯಂ 300 ಮಿ.ಗ್ರಾಂಗಿಂತ ಹೆಚ್ಚು. ಪೊಟ್ಯಾಸಿಯಂ ರಕ್ತದ ಒತ್ತಡ ಇಳಿಸಲು ನೆರವಾಗುತ್ತದೆ. ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹಕ್ಕರಕಿ, ಮೆಂತ್ಯ, ಮೂಲಂಗಿ, ಸೌತೆಕಾಯಿಗಳಲ್ಲಿಯೂ ಪೊಟ್ಯಾಸಿಯಂ ಇದೆ. ಬನಶಂಕರಿಯಲ್ಲಿ ಪಲ್ಯದ ಹಬ್ಬದಂದು ದೇವಿಗೆ 108 ಬಗೆಯ ಪಲ್ಯಗಳ ನೈವೇದ್ಯ ಮಾಡುವ ಪದ್ಧತಿಯುಳ್ಳ ಸೀಮೆಯಿದು. ಹೀಗಾಗಿ ಈ ಭಾಗದ ಊಟದ ಬುನಾದಿ ಉತ್ತಮವಾಗಿಯೇ ಇದೆ.

ಉಪ್ಪು ಹೆಚ್ಚುವುದು ರೊಟ್ಟಿಯ ಪಕ್ಕದಲ್ಲಿ. ಉಪ್ಪಿನಕಾಯಿ, ರಂಜಕ, ಚಟ್ನಿಪುಡಿ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ಕೆಡದಂತೆ ಉಳಿಯುವುದರಲ್ಲಿ ಉಪ್ಪಿನ ಪಾಲೂ ಇದೆ. ಪಲ್ಯ ಇಲ್ಲದ ದಿನ ಬುತ್ತಿಯಲ್ಲಿ ಇವೇ ಹೆಚ್ಚಾಗಿರುತ್ತವೆ. ಹಪ್ಪಳದ ಖಾರ ಮತ್ತು ಭಜಿಗೆ ಹಾಕುವ ಅಡುಗೆ ಸೋಡಾ ಕೂಡ ಸೋಡಿಯಂ ಲವಣಗಳೇ. ಇವುಗಳ ಜೊತೆಗೆ ಈಗ ಪೊಟ್ಟಣದ ಚಿಪ್ಸ್, ಬಿಸ್ಕತ್ತು, ನೂಡಲ್ಸ್ ಮನೆ ಸೇರಿವೆ. ಬಿಸ್ಕತ್ತು ನಾಲಿಗೆಗೆ ಸಿಹಿಯಾದರೂ ಅದರಲ್ಲಿ ಸೋಡಿಯಂ ಇರುತ್ತದೆ.

ಬೆವರು ಸುರಿಸುವವರಿಗೆ ಹೆಚ್ಚು ಉಪ್ಪು ಬೇಕೆ?

ಬಿಸಿಲಿನಲ್ಲಿ ದುಡಿಯುವವರು ಎಷ್ಟು ಉಪ್ಪು ತಿಂದರೂ ಬೆವರಿನಲ್ಲಿ ಹೋಗುತ್ತದೆಂಬ ನಂಬಿಕೆ ಸಾಮಾನ್ಯವಾಗಿದೆ. ಬೆವರಿನಲ್ಲಿ ಉಪ್ಪು ನಷ್ಟವಾಗುವುದು ನಿಜ. ಆದರೆ ಕೆಲವು ದಿನಗಳಲ್ಲಿ ದೇಹ ಬಿಸಿಲಿಗೆ ಹೊಂದಿಕೊಂಡು, ಬೆವರಿನಲ್ಲಿ ಹೋಗುವ ಉಪ್ಪನ್ನು ಕಡಿಮೆ ಮಾಡುತ್ತದೆ. ಕಡು ಬೇಸಿಗೆಯ ಕೆಲಸದಲ್ಲಿ ಸಾಕಷ್ಟು ನೀರು ಮತ್ತು ಚಿಟಿಕೆ ಉಪ್ಪಿನ ತಿಳಿ ಮಜ್ಜಿಗೆ ಯೋಗ್ಯ. ವಾಂತಿ-ಭೇದಿಯಾದಾಗ ಉಪ್ಪನ್ನು ಬಿಡಬಾರದು; ಓ.ಆರ್.ಎಸ್. ದ್ರಾವಣ ಕೊಡಬೇಕು.

ಉಪ್ಪಿನ ಲೆಕ್ಕ ಇಡುವ ವಿಧಾನ

ಎಕರೆಗೆ ಇಷ್ಟು ಗೊಬ್ಬರವೆಂದು ಲೆಕ್ಕ ಇಡುವ ರೈತರಿಗೆ ಉಪ್ಪಿನ ಲೆಕ್ಕ ಕಷ್ಟವಲ್ಲ. ತಲೆಗೆ ದಿನಕ್ಕೆ 5 ಗ್ರಾಂನಂತೆ 5 ಜನ ವಯಸ್ಕರ ಮನೆಗೆ ದಿನಕ್ಕೆ 25 ಗ್ರಾಂ, 30 ದಿನಕ್ಕೆ 750 ಗ್ರಾಂ ಆಗುತ್ತದೆ. ಇಂಥ ಮನೆಯ ಊಟಕ್ಕೆ ತಿಂಗಳಿಗೆ ಒಂದು ಕಿಲೋ ಪೊಟ್ಟಣ ಮುಗಿದರೆ ತಲೆಗೆ ಸುಮಾರು 6.7 ಗ್ರಾಂ ಬಿದ್ದಂತೆ. ಅಂಗಡಿಯ ತಿಂಡಿಯ ಉಪ್ಪು ಇದಕ್ಕೆ ಹೊರತು. ಪೊಟ್ಟಣ ಒಡೆದ ದಿನಾಂಕವನ್ನು ಅದರ ಮೇಲೆ ಬರೆದಿಟ್ಟರೆ ಮನೆಯ ಬಳಕೆ ಎಷ್ಟೆಂಬುದು ತಿಳಿಯುತ್ತದೆ. ದನಕರುಗಳಿಗೆ ಹಾಕುವ ಉಪ್ಪನ್ನು ಬೇರೆ ಇಡಬೇಕು.

ಬದಲಿ ಉಪ್ಪು

ಚೀನಾ ದೇಶದ 600 ಹಳ್ಳಿಗಳಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ 2021 ರಲ್ಲಿ ಪ್ರಕಟವಾಯಿತು. ಅಲ್ಲಿ ಅರ್ಧದಷ್ಟು ಹಳ್ಳಿಗಳಲ್ಲಿ, ಹಿಂದೆ ಲಕ್ವ ಹೊಡೆದಿದ್ದವರಿಗೆ ಹಾಗೂ 60 ವರ್ಷ ಮೇಲ್ಪಟ್ಟ ರಕ್ತದೊತ್ತಡದವರಿಗೆ ನಾಲ್ಕನೆಯ ಒಂದು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪನ್ನು ಕೊಡಲಾಯಿತು. ಸುಮಾರು ಐದು ವರ್ಷಗಳಲ್ಲಿ ಅವರಲ್ಲಿ ಲಕ್ವದ ಪ್ರಮಾಣ, ಸಾಮಾನ್ಯ ಉಪ್ಪು ಬಳಸಿದವರಿಗಿಂತ ಶೇಕಡಾ 14 ರಷ್ಟು ಕಡಿಮೆಯಾಯಿತು. ಆದರೆ ಮೂತ್ರಪಿಂಡದ ತೊಂದರೆ ಇರುವವರಿಗೆ ಇಂಥ ಉಪ್ಪು ಅಪಾಯಕಾರಿ. ರಕ್ತದೊತ್ತಡದ ಕೆಲವು ಮಾತ್ರೆಗಳ ಜೊತೆಗೂ ಇದು ಹೊಂದುವುದಿಲ್ಲ. ಆದ್ದರಿಂದ ವೈದ್ಯರನ್ನು ಕೇಳಿಯೇ ಬಳಸಬೇಕು. ಗೊಬ್ಬರದ ಪೊಟ್ಯಾಷ್ ಕೂಡ ಇದೇ ಲವಣವೆಂದು ಅದನ್ನು ಆಹಾರಕ್ಕೆ ಎಂದಿಗೂ ಬಳಸಬಾರದು. ಸೈಂಧವ ಲವಣ ಬದಲಿ ಉಪ್ಪಲ್ಲ. ಅದರಲ್ಲಿರುವುದೂ ಬಹುಪಾಲು ಸೋಡಿಯಂ ಕ್ಲೋರೈಡೇ.

ಅನುಸರಿಸಬೇಕಾದ ಕ್ರಮಗಳು

1. ಅಡುಗೆಯ ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಲಿಂಬೆ, ಹುಣಸೆ, ಬೆಳ್ಳುಳ್ಳಿ, ಜೀರಿಗೆಗಳಿಂದ ರುಚಿ ತುಂಬಬಹುದು.

2. ಊಟಕ್ಕೆ ಕೂತಾಗ ಉಪ್ಪನ್ನು ಬೇರೆಯಾಗಿ ಬಡಿಸಬಾರದು. ಉಪ್ಪಿನಕಾಯಿಯ ಬದಲು ಹಸಿ ತರಕಾರಿ, ಕಾಳಿನ ಪಲ್ಯ ಹೆಚ್ಚಿಸಬೇಕು.

3. ಬಳಸುವ ಅಲ್ಪ ಉಪ್ಪು ಅಯೋಡೀನ್‌ಯುಕ್ತವಾಗಿರಬೇಕು. ಗಳಗಂಡ ರೋಗ ತಡೆಯಲು ಇದು ಅಗತ್ಯ.

4. 30 ವರ್ಷ ದಾಟಿದವರು ವರ್ಷಕ್ಕೊಮ್ಮೆಯಾದರೂ ಸಮೀಪದ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಪರೀಕ್ಷಿಸಿಕೊಳ್ಳಬೇಕು. ಅಳತೆ ಪದೇ ಪದೇ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ ಬೇಕು.

5. ಉಪ್ಪು ಕಡಿಮೆ ಮಾಡಿದೆವೆಂದು ವೈದ್ಯರು ಕೊಟ್ಟ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು.

ಸವಳಾದ ಹೊಲವನ್ನು ಬಸಿಗಾಲುವೆ ತೋಡಿ, ಜಿಪ್ಸಂ ಹಾಕಿ ಸುಧಾರಿಸಬಹುದು. ಲಕ್ವದಿಂದ ಸೋತ ಕೈಕಾಲುಗಳಿಗೆ ಮೊದಲಿನ ಕಸುವು ಪೂರ್ತಿಯಾಗಿ ಮರಳುವುದು ಎಲ್ಲರಿಗೂ ಸಾಧ್ಯವಾಗುವುದಿಲ್ಲ. ಆದ್ದರಿಂದ ರೈತ ಬಾಂಧವರು ಮುಂದಿನ ಉಪ್ಪಿನ ಪೊಟ್ಟಣ ಒಡೆದ ದಿನದಿಂದಲೇ ಮನೆಯ ಲೆಕ್ಕವನ್ನು ಆರಂಭಿಸುವುದು ಒಳ್ಳೆಯದು.