ಬೇಲಿಯೇ ಹೊಲ ಮೇಯ್ದಾಗ

ಮಗುವಿನ ನೆಗಡಿ, ಜ್ವರಗಳು ವಾಸಿಯಾದವೆಂದು ಮನೆಮಂದಿಯೆಲ್ಲ ನೆಮ್ಮದಿಯಿಂದಿರುವಾಗ, ಒಂದೆರಡು ವಾರಗಳಲ್ಲಿ ಅದರ ಕಾಲುಗಳ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಮೂಡುವುದುಂಟು. ಪೆಟ್ಟು ಬೀಳದೆಯೇ ಮೈ ಅಲ್ಲಲ್ಲಿ ಕಂದುಗಟ್ಟುತ್ತದೆ. ಮೂಗಿನಿಂದಲೋ ವಸಡಿನಿಂದಲೋ ರಕ್ತ ಒಸರುತ್ತದೆ. ಮಗುವಾದರೋ ಎಂದಿನಂತೆ ಆಡಿಕೊಂಡಿರುತ್ತದೆ. ವೈದ್ಯರು ‘ಐಟಿಪಿ’ ಎಂದು ಕರೆಯುವ ಕಾಯಿಲೆಯ ಲಕ್ಷಣಗಳಿವು.

ರಕ್ತ ಹೆಪ್ಪುಗಟ್ಟಲು ನೆರವಾಗುವ ಸೂಕ್ಷ್ಮ ಕಣಗಳೇ ಪ್ಲೇಟ್‌ಲೆಟ್‌ಗಳು. ಒಂದು ಮೈಕ್ರೊಲೀಟರ್ ರಕ್ತದಲ್ಲಿ ಇವು ಸಾಮಾನ್ಯವಾಗಿ 1.5 ಲಕ್ಷದಿಂದ 4 ಲಕ್ಷದವರೆಗೆ ಇರುತ್ತವೆ. ಈ ಕಾಯಿಲೆಯಲ್ಲಿ 20,000ಕ್ಕಿಂತಲೂ ಕೆಳಗಿಳಿಯಬಹುದು. ವೈರಸ್ ದೇಹವನ್ನು ಹೊಕ್ಕಾಗ ಅದನ್ನು ನಿಗ್ರಹಿಸಲು ದೇಹವು ಪ್ರತಿಕಾಯಗಳೆಂಬ ಕಾವಲುಗಾರರನ್ನು ಸಿದ್ಧಪಡಿಸುತ್ತದೆ. ವೈರಸ್ಸಿನ ಯಾವುದೋ ಅಂಶವು ಪ್ಲೇಟ್‌ಲೆಟ್‌ನ ಹೊರಮೈಯನ್ನು ಹೋಲಿದಾಗ, ಈ ಪ್ರತಿಕಾಯಗಳು ಸ್ವಕೀಯರನ್ನೇ ಶತ್ರುವೆಂದು ಭ್ರಮಿಸಿ ಅಂಟಿಕೊಳ್ಳುತ್ತವೆ ಎಂಬುದು ವಿಜ್ಞಾನಿಗಳ ವಿವರಣೆ. ಹಾಗೆ ಅಂಟಿಸಿಕೊಂಡ ಕಣಗಳನ್ನು ಗುಲ್ಮವು ನಾಶಪಡಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ!

ಈ ಸತ್ಯದ ಸುಳಿವು ದೊರೆತದ್ದು ಒಬ್ಬ ವೈದ್ಯರ ಸಾಹಸದಿಂದ. 1950ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ತರುಣ ವೈದ್ಯ ವಿಲಿಯಂ ಹ್ಯಾರಿಂಗ್ಟನ್ ಅವರು ಐಟಿಪಿ ರೋಗಿಯೊಬ್ಬರ ರಕ್ತವನ್ನು ತಮ್ಮ ದೇಹಕ್ಕೇ ಏರಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಪ್ಲೇಟ್‌ಲೆಟ್‌ಗಳು ಅಪಾಯದ ಮಟ್ಟಕ್ಕೆ ಕುಸಿದವು. ಕೆಲವು ದಿನಗಳಲ್ಲಿ ಅವರು ಚೇತರಿಸಿಕೊಂಡರು. 1951ರಲ್ಲಿ ಈ ಪ್ರಯೋಗದ ವಿವರ ಪ್ರಕಟವಾಯಿತು. ರೋಗಿಯ ರಕ್ತದಲ್ಲಿಯೇ ಕಣಗಳನ್ನು ನಾಶಮಾಡುವ ಅಂಶವೊಂದಿದೆಯೆಂಬುದು ಸಿದ್ಧವಾಯಿತು. ಅದು ಪ್ರತಿಕಾಯವೇ ಎಂಬುದನ್ನು ಮುಂದಿನ ಸಂಶೋಧನೆಗಳು ದೃಢಪಡಿಸಿದವು.

ತಂದೆತಾಯಿಗಳು ಎದೆಗುಂದಬೇಕಾಗಿಲ್ಲ. ಈ ಕಾಯಿಲೆ ತಗಲಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 80 ಮಂದಿ ಒಂದು ವರ್ಷದೊಳಗೆ, ಬಹುಮಂದಿ ಕೆಲವೇ ವಾರಗಳಲ್ಲಿ, ಗುಣಮುಖರಾಗುತ್ತಾರೆ. ರಕ್ತಸ್ರಾವವಿಲ್ಲದ ಮಗುವಿಗೆ ಅನೇಕ ವೇಳೆ ಔಷಧಿಯೂ ಬೇಕಾಗುವುದಿಲ್ಲ. ವೈದ್ಯರ ನಿಗಾ ಸಾಕು. ಅಗತ್ಯ ಬಿದ್ದಾಗ ಸ್ಟೀರಾಯ್ಡ್ ಅಥವಾ ಇಮ್ಯುನೊಗ್ಲಾಬ್ಯುಲಿನ್ ನೀಡುತ್ತಾರೆ.

ಆದರೆ ಉಪೇಕ್ಷೆಯೂ ಸಲ್ಲದು. ಡೆಂಗಿಯಲ್ಲಿಯೂ ರಕ್ತದ ಕ್ಯಾನ್ಸರಿನಲ್ಲಿಯೂ ಪ್ಲೇಟ್‌ಲೆಟ್‌ಗಳು ಇಳಿಯುತ್ತವೆ. ಯಾವುದು ಯಾವುದೆಂದು ತಿಳಿಯಲು ರಕ್ತಪರೀಕ್ಷೆಯೇ ದಾರಿ. ಆದ್ದರಿಂದ ಚುಕ್ಕೆ ಕಂಡ ದಿನವೇ ಮಗುವನ್ನು ವೈದ್ಯರಿಗೆ ತೋರಿಸಬೇಕು. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ಕೊಡಲಾಗದು. ತಲೆಗೆ ಪೆಟ್ಟು ಬೀಳುವಂತಹ ಆಟಗಳನ್ನು ತಪ್ಪಿಸಬೇಕು. ತೀವ್ರ ತಲೆನೋವು, ವಾಂತಿ, ಮಂಪರು ಅಥವಾ ನಿಲ್ಲದ ರಕ್ತಸ್ರಾವ ಕಂಡರೆ ರಾತ್ರಿಯೆಂದು ನೋಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮೆದುಳಿನಲ್ಲಿ ರಕ್ತಸ್ರಾವವಾಗುವುದು ಅತಿ ವಿರಳವಾದರೂ, ಆಗ ಕಳೆದ ಒಂದೊಂದು ಗಳಿಗೆಯೂ ಜೀವಕ್ಕೆ ಎರವಾಗಬಹುದು.