ಯಾವ ಬೆಡಗಿನವರು?

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಅಂಚೆಟ್ಟಿ ಕಡೆಯ ಕನ್ನಡದ ಮನೆಗಳಲ್ಲಿ ಹೆಣ್ಣು ಕೇಳಲು ಬಂದವರ ಜೊತೆ ಮಾತು ಮುಂದುವರಿಯಬೇಕಾದರೆ ಮೊದಲು ಒಂದು ವಿಚಾರ ಇತ್ಯರ್ಥವಾಗಬೇಕು: ‘ನಿಮ್ಮದು ಯಾವ ಬೆಡಗು?’ ಬೆಡಗು ಎಂದರೆ ಅಪ್ಪನ ಕಡೆಯಿಂದ ಬರುವ ವಂಶದ ಹೆಸರು. ಎರಡೂ ಕಡೆಯವರದು ಒಂದೇ ಬೆಡಗಾಗಿದ್ದರೆ ಹುಡುಗ ಹುಡುಗಿ ಅಣ್ಣ ತಂಗಿಯ ವರಸೆ. ಜಾತಕ, ಜಮೀನು, ಕೆಲಸ ಏನೇ ಹೊಂದಿದರೂ ಮಾತು ಅಲ್ಲಿಗೇ ನಿಲ್ಲುತ್ತದೆ. ಮದುವೆಯನ್ನೇ ನಿಲ್ಲಿಸಬಲ್ಲ ಈ ಹೆಸರು ಹುಡುಗನ ಶಾಲೆಯ ದಾಖಲೆಯಲ್ಲಿ ಇಲ್ಲ, ಪಡಿತರ ಚೀಟಿಯಲ್ಲೂ ಇಲ್ಲ. ಅಲ್ಲಿರುವುದು ಅವನ ಹೆಸರು ಮತ್ತು ಅಪ್ಪನ ಹೆಸರಿನ ಮೊದಲಕ್ಷರ.

ತಳಿವಿಜ್ಞಾನದ ಕಣ್ಣಿನಿಂದ ನೋಡಿದರೆ ಬೆಡಗು ಬಹಳ ಬೆಲೆಯುಳ್ಳ ಮಾಹಿತಿ. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೆಚ್ಚು ಬದಲಾಗದೆ ಸಾಗುವ ವಸ್ತು ನಮ್ಮ ಜೀವಕೋಶದಲ್ಲಿ ಒಂದಿದೆ, ಅದು ವೈ ವರ್ಣತಂತು. ವಂಶದ ಹೆಸರೂ ಅದೇ ದಾರಿಯಲ್ಲಿ ಇಳಿದು ಬರುತ್ತದೆ. ಆಕ್ಸ್‌ಫರ್ಡ್‌ನ ತಳಿವಿಜ್ಞಾನಿ ಬ್ರಯಾನ್ ಸೈಕ್ಸ್ 2000ರಲ್ಲಿ ತಮ್ಮದೇ ಕುಲನಾಮವಿರುವ ಗಂಡಸರನ್ನು ಹುಡುಕಿ ಪರೀಕ್ಷಿಸಿದರು. ಪರಸ್ಪರ ಪರಿಚಯವೂ ಇಲ್ಲದ ಆ ಸೈಕ್ಸ್‌ಗಳಲ್ಲಿ ಸುಮಾರು ಅರ್ಧದಷ್ಟು ಜನರ ವೈ ವರ್ಣತಂತು ಒಂದೇ ಬಗೆಯದಾಗಿತ್ತು. ಶತಮಾನಗಳ ಹಿಂದಿನ ಒಬ್ಬ ಮೂಲಪುರುಷನ ಗುರುತು ಹೆಸರಿನಲ್ಲೂ ರಕ್ತದಲ್ಲೂ ಜೊತೆಜೊತೆಗೆ ಉಳಿದಿತ್ತು.

ಯುರೋಪಿನಲ್ಲಿ ಇಂಥ ಹುಡುಕಾಟ ಸುಲಭ, ಏಕೆಂದರೆ ಅಲ್ಲಿ ಹೆಸರು ಬಹಳ ಹಿಂದೆಯೇ ಕಾಗದಕ್ಕೆ ಇಳಿದಿದೆ. ಉತ್ತರ ಇಟಲಿಯ ಡೊಲೊಮೈಟ್ ಬೆಟ್ಟಗಳ ಕಣಿವೆಗಳಲ್ಲಿ ಲದೀನ್ ಎಂಬ ಸಣ್ಣ ನುಡಿಯನ್ನಾಡುವ ಸುಮಾರು 30 ಸಾವಿರ ಜನರಿದ್ದಾರೆ. ಅವರ ಎಷ್ಟೋ ಕುಲನಾಮಗಳು ಹೊಲಮನೆಯ ಹೆಸರಿನಿಂದ ಬಂದವು. ಇಳಿಜಾರಿನಲ್ಲಿ ಮನೆಯಿದ್ದವರು ಕೋಸ್ಟಾ ಆದರು. ಮೊದಮೊದಲು ಒಂದು ಹೊಲಮನೆ ಬಿಟ್ಟು ಇನ್ನೊಂದಕ್ಕೆ ಹೋದವನ ಹೆಸರೂ ಬದಲಾಗುತ್ತಿತ್ತು. ಹತ್ತಿರದ ಟ್ರೆಂಟೋ ನಗರದಲ್ಲಿ ನಡೆದ ಚರ್ಚ್ ಮಹಾಸಭೆ 1563ರಲ್ಲಿ ಮದುವೆಗಳನ್ನು ಪುಸ್ತಕದಲ್ಲಿ ಬರೆಯಬೇಕೆಂದು ಕಟ್ಟಪ್ಪಣೆ ಮಾಡಿತು. ಪಾದ್ರಿಗಳು ಬರೆಯುತ್ತ ಹೋದಂತೆ ಹೆಸರುಗಳು ಗಟ್ಟಿಯಾಗಿ ನಿಂತವು.

ಅಂಚೆಟ್ಟಿಗೆ ಅಂಥ ಪುಸ್ತಕ ಸಿಗಲಿಲ್ಲ. ಅಂಚೆಟ್ಟಿಯೂ ಸೇರಿದಂತೆ ಮೈಸೂರಿನ ಆಳ್ವಿಕೆಯಲ್ಲಿದ್ದ ಹೊಸೂರು ಸೀಮೆ ಟಿಪ್ಪುವಿನ ಪತನದ ನಂತರ ಈಸ್ಟ್ ಇಂಡಿಯಾ ಕಂಪನಿಯ ಸೇಲಂ ಜಿಲ್ಲೆಗೆ ಸೇರಿತು, 1965ರಲ್ಲಿ ಧರ್ಮಪುರಿಗೆ, 2004ರಲ್ಲಿ ಕೃಷ್ಣಗಿರಿಗೆ. ಕಚೇರಿ ಬದಲಾದರೂ ಬರೆಯುವ ಕ್ರಮ ಒಂದೇ ಆಗಿ ಉಳಿಯಿತು: ಅಪ್ಪನ ಹೆಸರಿನ ಇನಿಷಿಯಲ್. ಮಾದಪ್ಪನ ಮಗ ಎಂ. ಸಿದ್ದಪ್ಪ, ಅವನ ಮಗ ಎಸ್. ಕುಮಾರ. ಎರಡನೇ ತಲೆಮಾರಿಗೆ ಮಾದಪ್ಪನ ಸುಳಿವೇ ಇಲ್ಲ. ತಮಿಳು ಲಿಪಿಯಲ್ಲಿ ಬ ಮತ್ತು ಪ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ಬಸಪ್ಪನ ಮಕ್ಕಳೂ ಪುಟ್ಟಪ್ಪನ ಮಕ್ಕಳೂ ಕಡತದಲ್ಲಿ ಒಂದೇ ಅಕ್ಷರ ಹೊತ್ತಿರುತ್ತಾರೆ.

ಊರಿನ ಹೆಸರನ್ನೂ ಸೇರಿಸಿಕೊಳ್ಳುವ ಪದ್ಧತಿಯಿಂದ ಸ್ವಲ್ಪ ಹೆಚ್ಚು ಉಳಿಯುತ್ತದೆ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ, ಆದರೆ ಅವರ ಹೆಸರಿನ ಮುಂದಿರುವ ಮೋಕ್ಷಗುಂಡಂ ಆಂಧ್ರದ ಊರು. ಪೂರ್ವಜರ ವಲಸೆ ಆ ಒಂದು ಅಕ್ಷರದಲ್ಲಿ ಅಡಗಿದೆ. ಅಂಚೆಟ್ಟಿಯಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ಮನೆದೇವರು ಮಾಡುತ್ತದೆ. ಒಕ್ಕಲು ಯಾವ ಗುಡಿಗೆ, ಮಕ್ಕಳ ಮುಡಿ ಕೊಡಲು ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದರೆ ಹಿರಿಯರು ಎಲ್ಲಿಂದ ಬಂದರೆಂಬ ದಿಕ್ಕು ಸಿಗುತ್ತದೆ.

ಬೆಡಗುಗಳ ಪಟ್ಟಿ ಎಲ್ಲೂ ಇಲ್ಲವೆಂದಲ್ಲ. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ಏಳು ಸಂಪುಟಗಳಲ್ಲಿ ಕುರುಬರ ಬೆಡಗುಗಳ ಉದ್ದ ಪಟ್ಟಿಯೇ ಇದೆ: ಆನೆ, ಅರಿಶಿನ, ಬನ್ನಿ, ಬೆಳ್ಳಿ, ಹಾಲು, ಜೀರಿಗೆ, ಮೆಣಸು, ಸಾಮೆ. ಹೊಲದ್ದು, ಕಾಡಿನದ್ದು, ಅಡುಗೆ ಮನೆಯದ್ದು. ನನಗೆ ಈ ಪಟ್ಟಿ ಓದುವುದೆಂದರೆ ಒಂದು ಕಾಲದ ಬದುಕನ್ನೇ ಮುಟ್ಟಿ ನೋಡಿದ ಹಾಗೆ. ಆದರೆ ಯಾವ ಬೆಡಗು ಯಾವ ಊರಲ್ಲಿ ಎಷ್ಟು ಮನೆ ಎಂಬ ಲೆಕ್ಕ ಅದರಲ್ಲಿಲ್ಲ. ವಿಜ್ಞಾನಕ್ಕೆ ಬೇಕಾದದ್ದು ಆ ಲೆಕ್ಕವೇ. ಗಂಡುಮಕ್ಕಳಿಲ್ಲದ ಮನೆಗಳು ಒಂದೆರಡು ತಲೆಮಾರು ಸಾಲಾಗಿ ಬಂದರೆ ಸಣ್ಣ ಹಳ್ಳಿಯಲ್ಲಿ ಒಂದು ಬೆಡಗೇ ಅಳಿಯಬಹುದು. ಫ್ರಾನ್ಸಿಸ್ ಗಾಲ್ಟನ್ ಮತ್ತು ಹೆನ್ರಿ ವಾಟ್ಸನ್ 1870ರ ದಶಕದಲ್ಲೇ ಇದರ ಗಣಿತವನ್ನು ಕಟ್ಟಿದ್ದರು.

ಇನ್ನು ಬೆಡಗಿನ ಮಿತಿ. ಚಾರ್ಲ್ಸ್ ಡಾರ್ವಿನ್ನರ ಮಗ ಜಾರ್ಜ್ 1875ರಲ್ಲಿ ಇಂಗ್ಲೆಂಡಿನ ರಕ್ತಸಂಬಂಧದ ಮದುವೆಗಳನ್ನು ಅಂದಾಜು ಮಾಡಲು ಗಂಡು ಹೆಣ್ಣು ಒಂದೇ ಕುಲನಾಮದವರಾಗಿದ್ದ ಮದುವೆಗಳನ್ನು ಎಣಿಸಿದರು. 1965ರಲ್ಲಿ ಕ್ರೋ ಮತ್ತು ಮಾಂಜ್ ಎಂಬ ವಿಜ್ಞಾನಿಗಳು ಅದಕ್ಕೊಂದು ಸೂತ್ರ ಕೊಟ್ಟರು: ಒಂದೇ ಹೆಸರಿನ ಮದುವೆಗಳ ಪ್ರಮಾಣವನ್ನು ನಾಲ್ಕರಿಂದ ಭಾಗಿಸಿದರೆ ಆ ಸಮುದಾಯದ ಒಳಸಂತಾನದ ಅಂಶ, ಅಂದರೆ ರಕ್ತಸಂಬಂಧದ ಮದುವೆಗಳ ಪರಿಣಾಮದ ಅಳತೆ, ಸಿಗುತ್ತದೆ. ಈ ಸೂತ್ರವನ್ನು ಅಂಚೆಟ್ಟಿಗೆ ಹಚ್ಚಿದರೆ ಉತ್ತರ ಸೊನ್ನೆ! ಒಂದೇ ಬೆಡಗಿನೊಳಗೆ ಮದುವೆಯೇ ಇಲ್ಲವಲ್ಲ. ನಿಜ ಹಾಗಿಲ್ಲ. ಚಿಕ್ಕಪ್ಪನ ಮಗಳು ತಂಗಿ, ಆದರೆ ಸೋದರಮಾವನ ಮಗಳು, ಸೋದರತ್ತೆಯ ಮಗಳು, ಅಕ್ಕನ ಮಗಳು ಎಲ್ಲರೂ ಬೇರೆ ಬೆಡಗು, ಮದುವೆಗೆ ವರಸೆ. ಅಕ್ಕನ ಮಗಳನ್ನು ಮದುವೆಯಾದವನ ಮಗುವಿನಲ್ಲಿ ಒಂದೇ ಪೂರ್ವಜರಿಂದ ಎರಡು ಕಡೆಯಿಂದಲೂ ಬಂದ ಜೋಡಿ ಜೀನ್‌ಗಳ ಪ್ರಮಾಣ ಸರಾಸರಿ ಎಂಟರಲ್ಲಿ ಒಂದು, ಮಾವನ ಮಗಳಾದರೆ ಹದಿನಾರರಲ್ಲಿ ಒಂದು. 1980ರ ದಶಕದಲ್ಲಿ ಬೆಂಗಳೂರು ಮೈಸೂರುಗಳ ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಸಮೀಕ್ಷೆಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಮದುವೆ ಹತ್ತಿರದ ಸಂಬಂಧದಲ್ಲೇ ಆಗಿತ್ತು. ಅಪ್ಪನ ದಾರಿಯನ್ನು ಅಷ್ಟು ಎಚ್ಚರದಿಂದ ಕಾಯುವ ಬೆಡಗು ಅಮ್ಮನ ದಾರಿಯನ್ನು ತೆರೆದೇ ಬಿಟ್ಟಿದೆ.

ಹಾಗಂತ ಬೆಡಗನ್ನು ಕೈಬಿಡಬೇಕಿಲ್ಲ, ಮಗುವಿನ ಆಸ್ಪತ್ರೆಯ ದಾಖಲೆಯಲ್ಲಿ ಅಪ್ಪನ ಬೆಡಗಿನ ಜೊತೆ ಇನ್ನೂ ಮೂರು ಬೆಡಗು ಸೇರಿಸಿ ಬರೆದರೆ ಸಾಕು. ಮಗುವಿನ ಅಜ್ಜ ಅಜ್ಜಿಯರು ನಾಲ್ವರು, ಪ್ರತಿಯೊಬ್ಬರದೂ ಹುಟ್ಟಿದ ಮನೆಯ ಬೆಡಗು. ಅಪ್ಪ ಮದುವೆಯಾದದ್ದು ಅಕ್ಕನ ಮಗಳನ್ನಾದರೆ ತಂದೆಯ ತಂದೆಯ ಬೆಡಗೇ ತಾಯಿಯ ತಾಯಿಯಲ್ಲೂ ಕಾಣುತ್ತದೆ. ಮಾವನ ಮಗಳಾದರೆ ತಂದೆಯ ತಾಯಿಯದೂ ತಾಯಿಯ ತಂದೆಯದೂ ಒಂದೇ. ನಾಲ್ಕೂ ಬೇರೆಯಾದರೆ ಇಂಥ ಹತ್ತಿರದ ಸಂಬಂಧವಿಲ್ಲ. ಎರಡು ಒಂದೇ ಆದರೆ ಸಂಬಂಧ ಎಷ್ಟು ಹತ್ತಿರದ್ದೆಂದು ವೈದ್ಯರು ಇನ್ನೊಂದು ಪ್ರಶ್ನೆ ಕೇಳಬೇಕು. ಅಂಚೆಟ್ಟಿಯ ಮನೆಗಳಲ್ಲಿ ಈ ನಾಲ್ಕನ್ನೂ ತಡವರಿಸದೆ ಹೇಳಬಲ್ಲವರು ಹೆಚ್ಚಾಗಿ ಅಜ್ಜಿಯರೇ, ಏಕೆಂದರೆ ಹುಟ್ಟಿದ ಮನೆಯ ಬೆಡಗನ್ನೂ ಸೇರಿದ ಮನೆಯ ಬೆಡಗನ್ನೂ ನೆನಪಿಟ್ಟುಕೊಂಡು ಬಾಳಿದವರು ಅವರು.