ಕ್ಯಾನ್ಸರ್ ಕೋಶ ಸಾಯುವ ಬಗೆ

‘ಡಾಕ್ಟ್ರೇ, ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ ಕುಡಿದರೆ ಗಂಟು ಕರಗುತ್ತದಂತೆ, ಹೌದೇ?’ ವಿಜಯನಗರ, ಬಸವೇಶ್ವರನಗರದ ಕಡೆಯ ರೋಗಿಗಳು ಆಗಾಗ ಕೇಳುವ ಪ್ರಶ್ನೆಯಿದು. ಇದರಲ್ಲಿ ಅರ್ಧ ಸತ್ಯವಿದೆ. ಅಪಾಯವಿರುವುದು ಉಳಿದ ಅರ್ಧದಲ್ಲಿ.

ನಮ್ಮ ಬಿಳಿ ರಕ್ತಕಣಗಳಲ್ಲಿ ‘ಕಿಲ್ಲರ್ ಟಿ’ ಮತ್ತು ‘ನ್ಯಾಚುರಲ್ ಕಿಲ್ಲರ್’ ಎಂಬ ಎರಡು ಬಗೆಗಳಿವೆ. ಇವು ಮೈಯಲ್ಲೆಲ್ಲ ಗಸ್ತು ತಿರುಗುತ್ತ, ಕೆಟ್ಟ ಜೀವಕೋಶ ಕಂಡರೆ ಅದಕ್ಕೆ ಅಂಟಿಕೊಳ್ಳುತ್ತವೆ. ಪರ್ಫೋರಿನ್ ಎಂಬ ಪ್ರೋಟೀನನ್ನು ಸುರಿದು ಆ ಕೋಶದ ಪೊರೆಯಲ್ಲಿ ತೂತು ಕೊರೆಯುತ್ತವೆ. ಜೊತೆಗೇ ಬಂದ ಗ್ರಾನ್‌ಜೈಮ್ ಎಂಬ ಕಿಣ್ವಗಳು ಒಳಗೆ ನುಗ್ಗುತ್ತವೆ.

ಕಿಣ್ವವೆಂದರೆ ನಮ್ಮ ಹೊಟ್ಟೆಯಲ್ಲಿ ಆಹಾರವನ್ನು ಒಡೆಯುವಂಥದೇ ಪದಾರ್ಥ. ಆದರೆ ಗ್ರಾನ್‌ಜೈಮ್ ಇಡೀ ಕೋಶವನ್ನು ತಾನೇ ಅರಗಿಸುವುದಿಲ್ಲ. ಪ್ರತಿ ಜೀವಕೋಶದಲ್ಲೂ ಸಾಯುವ ಏರ್ಪಾಡು ಮೊದಲೇ ಇರುತ್ತದೆ. ಕ್ಯಾಸ್ಪೇಸ್ ಎಂಬ ಕಿಣ್ವಗಳು ಅಲ್ಲಿ ನಿದ್ರಿಸುತ್ತಿರುತ್ತವೆ. ಗ್ರಾನ್‌ಜೈಮ್-ಬಿ ಅವನ್ನು ಕತ್ತರಿಸಿ ಎಬ್ಬಿಸುತ್ತದೆ. ಎದ್ದ ಕ್ಯಾಸ್ಪೇಸ್‌ಗಳು ಕೋಶವನ್ನು ಒಳಗಿನಿಂದ ಕಳಚುತ್ತವೆ. ಡಿಎನ್‌ಎ ಚೂರಾಗುತ್ತದೆ, ಕೋಶ ಮುದುಡುತ್ತದೆ, ಭಕ್ಷಕ ಕಣಗಳು ಬಂದು ಅವಶೇಷವನ್ನು ನುಂಗುತ್ತವೆ. ಕೊಂದ ಕಣ ಮುಂದಿನ ಕೋಶವನ್ನು ಹುಡುಕಿ ಹೊರಡುತ್ತದೆ.

ಹಾಗಾದರೆ ಕ್ಯಾನ್ಸರ್ ಬೆಳೆಯುವುದೇಕೆ? ಕೆಲವು ಕ್ಯಾನ್ಸರ್ ಕೋಶಗಳು ತಮ್ಮ ಗುರುತನ್ನೇ ಮರೆಸಿಕೊಳ್ಳುತ್ತವೆ. ಇನ್ನು ಕೆಲವು, ಹತ್ತಿರ ಬಂದ ಕಿಲ್ಲರ್ ಕಣದ ‘ಬ್ರೇಕ್’ ಒತ್ತಿ ಅದನ್ನು ನಿಲ್ಲಿಸುತ್ತವೆ. ಈ ಬ್ರೇಕ್ ಸಡಿಲಿಸುವ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಇನ್ನೊಂದು ದಾರಿ ಕಾರ್-ಟಿ ಚಿಕಿತ್ಸೆ. ರೋಗಿಯ ಟಿ ಕಣಗಳನ್ನೇ ಹೊರತೆಗೆದು, ಮರೆಯಾದ ಶತ್ರುವನ್ನು ಗುರುತಿಸುವಂತೆ ಪಳಗಿಸಿ ಮತ್ತೆ ಮೈಗೆ ಸೇರಿಸುತ್ತಾರೆ. ಕೊಲ್ಲಲು ಅವು ಮುಖ್ಯವಾಗಿ ಬಳಸುವುದು ಇದೇ ಪರ್ಫೋರಿನ್, ಗ್ರಾನ್‌ಜೈಮ್‌ಗಳನ್ನೇ. ನಮ್ಮ ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ 2025ರಲ್ಲಿ ಇಂಥ ಚಿಕಿತ್ಸೆಯೊಂದನ್ನು ಬಳಕೆಗೆ ತಂದಿತು. ಅದು ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ ಮಾತ್ರ. ಖರ್ಚೂ ಹಲವು ಲಕ್ಷ ರೂಪಾಯಿ.

ಈಗ ಪುಡಿಯ ಮಾತು. ವೇಷ ಮರೆಸಿಕೊಂಡ ಕೋಶವನ್ನು ಹಿಡಿದುಕೊಡುವ ಗುಣ ಯಾವ ಪುಡಿಗೂ, ಕಷಾಯಕ್ಕೂ ಇದೆಯೆಂದು ರುಜುವಾತಾಗಿಲ್ಲ. ಅದನ್ನು ನಂಬಿ ಕಳೆದ ಮೂರು ತಿಂಗಳಲ್ಲಿ ಗಂಟು ಬೆಳೆಯುತ್ತದೆ, ಆಪರೇಷನ್‌ನಿಂದ ಗುಣವಾಗುವ ಹಂತ ದಾಟಿಹೋಗಬಹುದು.

ಸ್ತನದಲ್ಲಿ ಗಂಟು, ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ, ಕಾರಣವಿಲ್ಲದೆ ಇಳಿಯುವ ತೂಕ: ಇವುಗಳಲ್ಲಿ ಯಾವುದು ಕಂಡರೂ ನಿಮ್ಮ ವೈದ್ಯರಿಗೆ ತೋರಿಸಿ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ಆದರೆ ಹೌದೋ ಅಲ್ಲವೋ ಎಂಬುದನ್ನು ಪರೀಕ್ಷೆ ಹೇಳಬೇಕು. ಅಗತ್ಯ ಬಿದ್ದರೆ ನಮ್ಮೂರಲ್ಲೇ ಸರ್ಕಾರದ ಕಿದ್ವಾಯಿ ಸಂಸ್ಥೆಯಿದೆ. ಸಂಕೋಚ ಬೇಡ, ತಡವಂತೂ ಬೇಡವೇ ಬೇಡ.